ಪೇಟೆಗೂ ಬೇಕು ಕೂಸಿನ ಮನೆ

2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. 2012ನ್ನು ಮೂಲ ವರ್ಷವಾಗಿ ಇಟ್ಟುಕೊಂಡು ಲೆಕ್ಕ ಹಾಕಲು ತೊಡಗಿದ ಮೇಲೆ ಅದು ಅಷ್ಟು ಕೆಳಗೆ ಎಂದೂ ಬಂದಿರಲಿಲ್ಲ. ಆಹಾರ ಪದಾರ್ಥಗಳಂತೂ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 5ರಷ್ಟು ಅಗ್ಗವಾಗಿದ್ದವು. ಆದರೆ ಬೆಂಗಳೂರಿನಲ್ಲಿ ಅದೇ ವರ್ಷದ ಜನವರಿಯಲ್ಲಿ ಬಿಎಂಟಿಸಿ ಬಸ್ ದರ ಶೇ 15ರಷ್ಟು ಏರಿತ್ತು. ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ದುಬಾರಿಯಾಯಿತು. 2014ರ ನಂತರ ಬದಲಾಗದೆ ಉಳಿದಿದ್ದ ಕಾವೇರಿ ನೀರಿನ ದರವೂ ಏರಿತು. ವಿದ್ಯುತ್ ಬಿಲ್ಲಿಗೆ ನೌಕರರ ಪಿಂಚಣಿಯ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿಕೊಂಡಿತು. ದೆಹಲಿಯ ಅಂಕಿಯೂ ಸುಳ್ಳಲ್ಲ, ಬೆಂಗಳೂರಿನ ಬಿಲ್ಲುಗಳೂ ಸುಳ್ಳಲ್ಲ. ಆದರೆ ಎಳೆ ಮಗುವಿರುವ ಮನೆಯ ಕಷ್ಟಕ್ಕೆ ಇವೆರಡರಲ್ಲಿ ಯಾವುದೂ ಪೂರ್ತಿ ಕಾರಣ ಹೇಳುವುದಿಲ್ಲ. ಹಳೆ ಬೆಂಗಳೂರಿನ ಸಗಟು ವ್ಯಾಪಾರದ ಮಾಮೂಲ್‌ಪೇಟೆಯಂಥ ಕಡೆ ದುಡಿದು ಮಗು ಸಾಕುವ ದಂಪತಿಗೆ ಬೀಳುವ ದೊಡ್ಡ ಪೆಟ್ಟು ದಿನಸಿ ಅಂಗಡಿಯಿಂದ ಬರುವುದಲ್ಲ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಮನೆಯ ಎರಡು ಸಂಬಳದಲ್ಲಿ ಒಂದು ನಿಂತುಹೋಗುತ್ತದಲ್ಲ, ಆ ಪೆಟ್ಟೇ ದೊಡ್ಡದು ಎಂಬುದು ಈ ಲೇಖನದ ವಾದ.

ಮೊದಲು ಬೆಲೆಯ ವಿಷಯವನ್ನೇ ನೋಡೋಣ. ಹಣದುಬ್ಬರ ತಗ್ಗಿತು ಎಂದ ಮಾತ್ರಕ್ಕೆ ಏರಿದ ಬೆಲೆ ವಾಪಸು ಬಂದಿತು ಎಂದಲ್ಲ. ಏರುವ ವೇಗ ಕಡಿಮೆಯಾಯಿತು, ಅಷ್ಟೆ. 2022ರ ನವೆಂಬರ್‌ಗೆ ಮೊದಲು ಲೀಟರಿಗೆ 37 ರೂಪಾಯಿ ಇದ್ದ ನೀಲಿ ಪ್ಯಾಕೆಟ್ ಹಾಲು 2025ರ ಏಪ್ರಿಲ್ ಹೊತ್ತಿಗೆ 46 ರೂಪಾಯಿ ಆಗಿತ್ತು. ಎರಡೂವರೆ ವರ್ಷದೊಳಗೆ ಕಾಲು ಭಾಗದಷ್ಟು ಏರಿಕೆ. ಟೊಮೆಟೊ, ಈರುಳ್ಳಿ ಇಳಿಯುತ್ತವೆ, ಏರುತ್ತವೆ. ಹಾಲು, ಬಸ್ಸು, ಬಾಡಿಗೆ, ಶಾಲೆಯ ಫೀಜು ಒಮ್ಮೆ ಏರಿದರೆ ಇಳಿಯುವುದಿಲ್ಲ. ಇದರ ಜೊತೆಗೆ ಸರ್ಕಾರದ ಸೂಚ್ಯಂಕ ಅಳೆಯುವುದು ಸರಾಸರಿ ಮನೆಯನ್ನು. 2012ರ ಸರಣಿಯಲ್ಲಿ ನಗರದ ಕುಟುಂಬದ ಖರ್ಚನ್ನು ನೂರು ಎಂದು ಇಟ್ಟುಕೊಂಡರೆ ತಿನ್ನುವುದು ಕುಡಿಯುವುದಕ್ಕೆ 36.29, ಮನೆಗೆ 21.67, ಶಿಕ್ಷಣಕ್ಕೆ 5.62 ಎಂದು ತೂಕ ಹಂಚಲಾಗಿತ್ತು. ಮಕ್ಕಳೆಲ್ಲ ಕೆಲಸಕ್ಕೆ ಸೇರಿದ ಮನೆ, ಮಕ್ಕಳೇ ಇಲ್ಲದ ಮನೆ, ಸ್ವಂತ ಮನೆಯಲ್ಲಿ ಪಿಂಚಣಿ ತೆಗೆದುಕೊಳ್ಳುತ್ತಿರುವ ಹಿರಿಯರ ಮನೆ, ಎಲ್ಲವನ್ನೂ ಕಲೆಸಿ ತೆಗೆದ ಲೆಕ್ಕ ಅದು. ಎರಡು ವರ್ಷದ ಕೂಸು, ಎಲ್‌ಕೆಜಿಗೆ ಕಾದಿರುವ ಇನ್ನೊಂದು ಮಗು ಇರುವ ಬಾಡಿಗೆ ಮನೆಯ ಖರ್ಚು ಆ ತೂಕಕ್ಕೆ ಹೊಂದುವುದೇ ಇಲ್ಲ.

ಶಾಲೆಯದು ಇನ್ನೊಂದು ಕಥೆ. ಕೇಂದ್ರ ಸಾಂಖ್ಯಿಕ ಸಚಿವಾಲಯ 2025ರಲ್ಲಿ ನಡೆಸಿದ ಶಿಕ್ಷಣ ಸಮೀಕ್ಷೆಯ ಪ್ರಕಾರ, ಸರ್ಕಾರಿ ಶಾಲೆಯ ಮಗುವಿಗೆ ಮನೆಯವರು ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚು ಮಾಡಿದರೆ, ಉಳಿದ ಶಾಲೆಗಳ ಮಗುವಿಗೆ 25,002 ರೂಪಾಯಿ ಖರ್ಚು ಮಾಡುತ್ತಾರೆ. ಇದು ಹಳ್ಳಿ ಪಟ್ಟಣಗಳೆಲ್ಲ ಸೇರಿದ ದೇಶದ ಸರಾಸರಿ. ಬೆಂಗಳೂರಿನ ಹೆಸರಾಂತ ಶಾಲೆಗಳ ಫೀಜಿಗೂ ಇದಕ್ಕೂ ಹೋಲಿಕೆಯಿಲ್ಲ. ಬಡವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಶೇ 25ರಷ್ಟು ಸೀಟು ಮೀಸಲಿಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕರ್ನಾಟಕ ಸರ್ಕಾರ 2019ರ ಶೈಕ್ಷಣಿಕ ವರ್ಷಕ್ಕೆ ಮುನ್ನ ನಿಯಮ ತಿದ್ದಿ, ಆಸುಪಾಸಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದಿತು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಹಳೆ ಬೆಂಗಳೂರಿನಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳು ಹತ್ತಿರ ಹತ್ತಿರದಲ್ಲೇ ಇವೆ. ಹಾಗಾಗಿ ಪೇಟೆಯ ಸುತ್ತಲಿನ ಬಡ ಕುಟುಂಬಗಳಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಸರ್ಕಾರಿ ಶಾಲೆಯನ್ನು ಬಲಪಡಿಸಬೇಕು ಎಂಬ ತಿದ್ದುಪಡಿಯ ಉದ್ದೇಶವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬಲಪಡಿಸುವ ಕೆಲಸಕ್ಕಿಂತ ಬಾಗಿಲು ಮುಚ್ಚುವ ಕೆಲಸ ಬೇಗ ಆಯಿತು.

ಬೆಲೆ, ಫೀಜು ಎಲ್ಲವನ್ನೂ ಕೂಡಿಸಿದರೂ ಪೆಟ್ಟಿನ ದೊಡ್ಡ ಪಾಲು ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಅದನ್ನು ಅಳೆಯಲು ನಮ್ಮಲ್ಲೇ ಒಂದು ಹಳೆಯ ಅಳತೆಗೋಲು ಇದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿ ಹೇಗೆ ನಿಗದಿಯಾಗಬೇಕು ಎಂಬುದಕ್ಕೆ ಸೂತ್ರ ಹಾಕಿಕೊಟ್ಟಿತು. ಒಬ್ಬ ದುಡಿಯುವವನ ಮೇಲೆ ಮೂರು ‘ಬಳಕೆ ಘಟಕ’ಗಳು ಅವಲಂಬಿಸಿರುತ್ತವೆ ಎಂಬುದು ಅದರ ಅಡಿಪಾಯ. ದುಡಿಯುವವನಿಗೆ 1, ಹೆಂಡತಿಗೆ 0.8, ಎರಡು ಮಕ್ಕಳಿಗೆ ತಲಾ 0.6. ಹೆಂಡತಿಯ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದೂ ಅದರಲ್ಲಿತ್ತು. ಮಕ್ಕಳ ಓದು, ಕಾಯಿಲೆ ಕಸಾಲೆ, ಹಬ್ಬ, ಮದುವೆ, ಮುಪ್ಪು ಎಲ್ಲಕ್ಕೂ ಸೇರಿಸಿ ಶೇ 25ರಷ್ಟು ಕೂಡಿಸಬೇಕು ಎಂದು ಸುಪ್ರೀಂ ಕೋರ್ಟ್ 1991ರ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಈ ಸೂತ್ರದ ಪ್ರಕಾರವೇ ಒಂದು ಲೆಕ್ಕ ಹಾಕೋಣ. ಸಂಬಳದ ಅಂಕಿಗಳು ಉದಾಹರಣೆಗೆ ಮಾತ್ರ. ಗಂಡನಿಗೆ ತಿಂಗಳಿಗೆ 20,000, ಹೆಂಡತಿಗೆ 10,000. ಮಕ್ಕಳಿಲ್ಲದಾಗ 30,000 ರೂಪಾಯಿ 1.8 ಘಟಕಕ್ಕೆ ಹಂಚಿಕೆಯಾಗುತ್ತದೆ. ಒಂದು ಘಟಕಕ್ಕೆ 16,667. ಮಗು ಹುಟ್ಟಿ ಹೆಂಡತಿ ಕೆಲಸ ಬಿಟ್ಟರೆ 20,000 ರೂಪಾಯಿ 2.4 ಘಟಕಕ್ಕೆ ಸಾಲಬೇಕು. ಒಂದು ಘಟಕಕ್ಕೆ 8,333. ಸರಿಯಾಗಿ ಅರ್ಧ. ಇಬ್ಬರ ಸಂಬಳವೂ ಸಮನಾಗಿದ್ದರೆ ಮೊದಲಿನ ಒಂದು ರೂಪಾಯಿ 37 ಪೈಸೆ ಚಿಲ್ಲರೆಗೆ ಬಂದು ನಿಲ್ಲುತ್ತದೆ.

ಇದರ ಪಕ್ಕದಲ್ಲಿ ಹಾಲಿನ ಲೆಕ್ಕ ಇಟ್ಟು ನೋಡಬೇಕು. ದಿನಕ್ಕೊಂದು ಲೀಟರ್ ತರುವ ಮನೆಗೆ 37ರಿಂದ 46 ರೂಪಾಯಿಗೆ ಏರಿದ್ದರ ಹೊರೆ ತಿಂಗಳಿಗೆ 270 ರೂಪಾಯಿ. ನಿಂತ ಸಂಬಳದ ಹೊರೆ ತಿಂಗಳಿಗೆ 10,000. ಹಾಲಿನ 270 ರೂಪಾಯಿ ಸಣ್ಣದೆಂದು ನಾನು ಹೇಳುತ್ತಿಲ್ಲ. ಎರಡು ಸಂಬಳ ಇದ್ದಾಗ ಗೊತ್ತಾಗದೆ ಹೋಗುತ್ತಿದ್ದ ಆ ಮೊತ್ತ ಒಂದೇ ಸಂಬಳದ ಮನೆಯಲ್ಲಿ ಸಾಲಕ್ಕೆ ದಾರಿಯಾಗುತ್ತದೆ. ಬೆಲೆ ಏರಿಕೆ ನೋಯಿಸುವುದು ಈ ಜಾಗದಲ್ಲಿ. ಸಂಬಳ ಕುಸಿದಲ್ಲೇ ಬೆಲೆಯೂ ಏರುತ್ತದೆ, ಎರಡೂ ಒಟ್ಟಿಗೆ ಬರುತ್ತವೆ. ಆದರೆ ಪತ್ರಿಕೆಯಲ್ಲಿ, ವಿಧಾನಸಭೆಯಲ್ಲಿ ಚರ್ಚೆಯಾಗುವುದು 270 ರೂಪಾಯಿಯದು ಮಾತ್ರ. ಕೆಲಸ ಬಿಟ್ಟ ತಾಯಿಯ ಸಂಬಳ ಯಾವ ಸೂಚ್ಯಂಕದಲ್ಲೂ ಕಾಣುವುದಿಲ್ಲ, ಅದಕ್ಕೆ ಪ್ರತಿಭಟನೆಯೂ ನಡೆಯುವುದಿಲ್ಲ. 2024ರ ಕಾಲ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷವನ್ನೂ ಗಂಡಸರು 88 ನಿಮಿಷವನ್ನೂ ಅದಕ್ಕೆ ಕೊಡುತ್ತಾರೆ ಎಂದು ಕಂಡುಬಂದಿದೆ. ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಬೇರೆ.

ಮಾಮೂಲ್‌ಪೇಟೆಯಲ್ಲಿ ಈ ತೊಂದರೆ ಇಷ್ಟು ಬಿಗಿಯಾಗಿರುವುದಕ್ಕೆ ಪೇಟೆಯ ಚರಿತ್ರೆಯೇ ಕಾರಣ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ಕಸುಬೂ ಸಂಸಾರವೂ ಒಂದೇ ಬೀದಿಯಲ್ಲಿ ಇದ್ದವು. ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ಮನೆ. ತಾಯಿ ಮಗ್ಗದ ಹತ್ತಿರ ಕೂತಿದ್ದರೆ ಮಗು ಕಣ್ಣಳತೆಯಲ್ಲೇ ಇರುತ್ತಿತ್ತು, ಇಲ್ಲವಾದರೆ ಅಜ್ಜಿಯ ಮಡಿಲಲ್ಲಿ. 1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳ ಕಡೆ ಅನುಕೂಲಸ್ಥ ಕುಟುಂಬಗಳು ಹೊರಟವು. ಖಾಲಿಯಾದ ಮನೆಗಳು ಕ್ರಮೇಣ ಗೋಡೌನುಗಳಾದವು. ಸಗಟು ವ್ಯಾಪಾರಕ್ಕೆ ಅಡಿ ಅಡಿ ಜಾಗಕ್ಕೂ ಬಾಡಿಗೆ ಸಿಗುವಾಗ ಸಂಸಾರಕ್ಕೆ ಮನೆ ಕೊಡುವವರು ಯಾರು? ಇವತ್ತು ಪೇಟೆಯ ಅಂಗಡಿಗಳಲ್ಲಿ ಬಿಲ್ ಹಾಕುವವರು, ಲೆಕ್ಕ ಬರೆಯುವವರು, ಮಾಲು ಕಟ್ಟುವವರು, ಕೌಂಟರಿನಲ್ಲಿ ನಿಲ್ಲುವ ಹೆಣ್ಣುಮಕ್ಕಳು ಬಹುಮಟ್ಟಿಗೆ ನಗರದ ಹೊರ ಅಂಚಿನಿಂದ ಬರುವವರು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟೋ, ಭೋಗ್ಯಕ್ಕೆ ದೊಡ್ಡ ಗಂಟು ಹೊಂದಿಸಿಯೋ ದೂರದಲ್ಲಿ ಮನೆ ಹಿಡಿದವರು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಬೆಂಗಳೂರಿನ ರೂಢಿಗೆ ಅದು ತಾಗಿಲ್ಲ. ಅಂಗಡಿ ತೆರೆಯುವುದು ಬೆಳಿಗ್ಗೆ 10ರ ಸುಮಾರಿಗೆ, ಮುಚ್ಚುವ ಹೊತ್ತಿಗೆ ರಾತ್ರಿ 8 ದಾಟಿರುತ್ತದೆ. ಬಂದು ಹೋಗುವ ಹೊತ್ತನ್ನೂ ಸೇರಿಸಿದರೆ ಹನ್ನೆರಡು ಗಂಟೆ. ಅಷ್ಟು ಹೊತ್ತು ಮಗು ಎಲ್ಲಿರಬೇಕು?

ಅಂಗನವಾಡಿ ಇದೆಯಲ್ಲ ಎನ್ನಬಹುದು. 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಿಂದ ಆರಂಭವಾದ ಆ ಯೋಜನೆಯ ಋಣ ನಮ್ಮ ಮೇಲೆ ದೊಡ್ಡದಿದೆ. ಆದರೆ ಅಂಗನವಾಡಿಯಲ್ಲಿ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಮೂರಕ್ಕಿಂತ ಕೆಳಗಿನವರಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಇರಲು ಜಾಗ ಸಿಗುವುದಿಲ್ಲ. ದೊಡ್ಡ ಮಕ್ಕಳೂ ಅಂಗಡಿ ಮುಚ್ಚುವ ಎಷ್ಟೋ ಹೊತ್ತಿನ ಮುಂಚೆ ಮನೆಗೆ ಹೋಗಬೇಕು. ಕಾನೂನು ಕೂಡ ಪೇಟೆಯ ಬಾಗಿಲವರೆಗೆ ಬಂದು ನಿಂತುಬಿಟ್ಟಿದೆ. 1948ರ ಕಾರ್ಖಾನೆ ಕಾಯ್ದೆ, ತಿದ್ದುಪಡಿಯ ನಂತರ, 30ಕ್ಕೂ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗೆ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯ ಮಾಡಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, 50 ಜನ ಕೆಲಸ ಮಾಡುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತು. ಆ ರಜೆ ಸಿಗಬೇಕಾದರೂ ಅಂಗಡಿಯಲ್ಲಿ ಕನಿಷ್ಠ 10 ಜನ ಇರಬೇಕು. ಇಎಸ್‌ಐಗೂ ಅದೇ 10ರ ಗೆರೆ, ಪಿಎಫ್‌ಗೆ 20. ನಾಲ್ಕೈದು ಜನ ದುಡಿಯುವ ಅಂಗಡಿ ಈ ಎಲ್ಲ ಗೆರೆಗಳ ಕೆಳಗೆ ಬೀಳುತ್ತದೆ. ಒಂದು ಬೀದಿಯಲ್ಲಿ ನೂರು ಅಂಗಡಿ, ಐನೂರು ಜನ ಇದ್ದರೂ ಕಾನೂನಿನ ಕಣ್ಣಿಗೆ ಅದು ಐದೈದು ಜನರ ನೂರು ಚೂರು. ಪೀಣ್ಯದ ದೊಡ್ಡ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಹಾಕುವ ತಾಯಿಗೆ ಕಾಗದದ ಮೇಲಾದರೂ ಇರುವ ಹಕ್ಕು ಆ ಬಟ್ಟೆಯನ್ನು ಪೇಟೆಯಲ್ಲಿ ಮಾರುವ ತಾಯಿಗೆ ಇಲ್ಲ. ಇದು ಅನ್ಯಾಯ, ಬೇರೆ ಮಾತಿಲ್ಲ.

ಹಳ್ಳಿಯ ವಿಷಯದಲ್ಲಿ ರಾಜ್ಯ ಇದನ್ನು ಅರ್ಥಮಾಡಿಕೊಂಡಿದೆ. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 4,000 ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು 2023ರಲ್ಲಿ ಕೈಗೆತ್ತಿಕೊಳ್ಳಲಾಯಿತು. ತಾಯಿ ದುಡಿಯಬೇಕಾದರೆ ಮಗುವಿಗೆ ನೆರಳು, ಊಟ, ನೋಡಿಕೊಳ್ಳುವ ಕೈ ಬೇಕು ಎಂಬ ಸರಳ ತಿಳಿವಳಿಕೆಯ ಮೇಲೆ ನಿಂತ ಯೋಜನೆ ಅದು. ಕೆರೆ ಹೂಳೆತ್ತುವ ತಾಯಿಗೆ ಒಪ್ಪುವ ಮಾತು ಪೇಟೆಯಲ್ಲಿ ಮಾಲು ಎಣಿಸುವ ತಾಯಿಗೂ ಒಪ್ಪಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ನಮ್ಮ ಹಿರಿಯರು ಒಂದೇ ಸಂಬಳದಲ್ಲಿ ಆರೇಳು ಮಕ್ಕಳನ್ನು ಸಾಕಲಿಲ್ಲವೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಾಕಿದರು, ನಿಜ. ಆದರೆ ಅವರಿಗೆ ಮನೆಯೊಳಗೆ ಅತ್ತೆ, ನಾದಿನಿ, ಓರಗಿತ್ತಿಯ ಕೈಗಳಿದ್ದವು. ಓಣಿಯ ಶಾಲೆಗೆ ಫೀಜು ಇರಲಿಲ್ಲ. ಹೆರಿಗೆಗೆ ವಾಣಿ ವಿಲಾಸ ಆಸ್ಪತ್ರೆ ಇತ್ತು. 1935ರಿಂದ ಇಂದಿನವರೆಗೂ ಅದು ಬಡವರ ಹೆರಿಗೆಯ ದೊಡ್ಡ ಆಸರೆ. ಅಷ್ಟಾದರೂ ಆ ಕಾಲದಲ್ಲಿ ಎಷ್ಟು ಕೂಸುಗಳು ಉಳಿಯಲಿಲ್ಲ, ಎಷ್ಟು ಹುಡುಗಿಯರು ತಮ್ಮಂದಿರನ್ನು ಎತ್ತಿಕೊಳ್ಳಲೆಂದು ಶಾಲೆ ಬಿಟ್ಟರು ಎಂಬುದನ್ನು ಮರೆತು ಆ ದಿನಗಳನ್ನು ಹೊಗಳುವುದು ಸರಿಯಲ್ಲ. ಇನ್ನು ಮಕ್ಕಳನ್ನು ಕಡಿಮೆ ಮಾಡಿಕೊಳ್ಳಿ ಎನ್ನುವುದಾದರೆ, ಆ ಕೆಲಸವನ್ನು ಇವರು ಆಗಲೇ ಮಾಡಿದ್ದಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7. ಒಂದು ತಲೆಮಾರಿನ ಜಾಗಕ್ಕೆ ಇನ್ನೊಂದು ಬರಲು ಬೇಕಾದ 2.1ಕ್ಕಿಂತ ಅದು ಎಷ್ಟೋ ಕೆಳಗಿದೆ.

ಮೊಬೈಲು, ಮಾಲಿನ ಊಟ, ಹುಟ್ಟುಹಬ್ಬದ ಆಡಂಬರ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಅದರಲ್ಲಿ ಒಂದಿಷ್ಟು ಸತ್ಯವಿದೆ. 10 ಗ್ರಾಂ ಚಿನ್ನ ಲಕ್ಷ ದಾಟಿದ ವರ್ಷದಲ್ಲೂ ನಾಮಕರಣಕ್ಕೆ ಸರ, ಬಳೆ ಬೇಕೇಬೇಕು ಎಂದು ಹಟ ಹಿಡಿಯುವ ನೆಂಟರು ತಮ್ಮ ಹಟವನ್ನು ಬಿಡಬೇಕು. ಆದರೆ ಇಂಥದ್ದನ್ನೆಲ್ಲ ಬಿಟ್ಟರೂ ಉಳಿಯುವುದು ಕೆಲವು ಸಾವಿರ. ಕಳೆದುಹೋದದ್ದು ಒಂದು ಸಂಬಳ.

ಗ್ಯಾರಂಟಿ ಯೋಜನೆಗಳ ಮಾತು ಬೇರೆ, ಅದನ್ನು ಗೌರವದಿಂದಲೇ ಆಡಬೇಕು. ಶಕ್ತಿ ಯೋಜನೆ ಪೇಟೆಗೆ ದುಡಿಯಲು ಬರುವ ಹೆಂಗಸಿನ ಬಸ್ ಖರ್ಚನ್ನು ಪೂರ್ತಿ ತೆಗೆದುಹಾಕಿತು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಎಷ್ಟೋ ಮನೆಗಳ ಹಾಲು, ಔಷಧಿಗೆ ಆಗುತ್ತಿದೆ. ಆದರೆ ಗೃಹಲಕ್ಷ್ಮಿಯಲ್ಲಿ ಆದಾಯ ತೆರಿಗೆ ಕಟ್ಟುವವರಷ್ಟೇ ಅಲ್ಲ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರ ಮನೆಯವರಿಗೂ ಅವಕಾಶವಿಲ್ಲ. ಸಣ್ಣ ಲಾಭದಲ್ಲಿ ಅಂಗಡಿ ನಡೆಸುವ ಪೇಟೆಯ ಎಷ್ಟೋ ಯುವ ದಂಪತಿ ಇಲ್ಲಿಯೇ ಹೊರಗುಳಿಯುತ್ತಾರೆ. ಹಣ ಬಂದವರಿಗೂ ತೊಂದರೆ ತಪ್ಪಿದ್ದಲ್ಲ. ಅಂಗಡಿಯ ಹತ್ತಿರ ಮಗುವನ್ನು ಬಿಡುವ ಜಾಗವೇ ಇಲ್ಲದಿದ್ದರೆ 2,000 ರೂಪಾಯಿ ಕೈಯಲ್ಲಿ ಹಿಡಿದು ಎಲ್ಲಿಗೆ ಹೋಗುವುದು? ಶಕ್ತಿ ಯೋಜನೆ ಕೊಟ್ಟ ಪ್ರಯಾಣದ ಅನುಕೂಲ ಪೂರ್ತಿ ಫಲ ಕೊಡಬೇಕಾದರೂ ಮಗುವಿನ ವ್ಯವಸ್ಥೆ ಆಗಬೇಕು.

ಎಳೆಗೂಸನ್ನು ತಾಯಿಯಿಂದ ದೂರ ಇಡಬಾರದು ಎಂಬ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದದ್ದು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ 5 ಡಾಲರ್ ದರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ತಂದಾಗ ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಮರಳಿದರು. ಆದರೆ ಬೇಕರ್, ಗ್ರೂಬರ್, ಮಿಲಿಗನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನ, ಆ ಮಕ್ಕಳ ನಡವಳಿಕೆ, ಆರೋಗ್ಯದಲ್ಲಿ ಕೆಲವು ತೊಂದರೆಗಳು ಹೆಚ್ಚಿದ್ದನ್ನೂ ದಾಖಲಿಸಿತು. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಪ್ರಾಮಾಣಿಕವಲ್ಲ. ಅಗ್ಗವಾಗಿ, ಅವಸರದಲ್ಲಿ ತೆರೆದ ಕೇಂದ್ರ ಮಗುವಿಗೆ ಒಳ್ಳೆಯದು ಮಾಡುವುದಿಲ್ಲ ಎಂಬುದನ್ನೇ ಅದರಿಂದ ಕಲಿಯಬೇಕು. ಮೊದಲ ಆರು ತಿಂಗಳು ತಾಯಿಗೆ ಸಂಬಳದ ರಜೆ ಸಿಗಬೇಕು. ಆಮೇಲೂ ನಡುವೆ ಬಂದು ಹಾಲೂಡಿಸಿ ಹೋಗುವಷ್ಟು ಹತ್ತಿರದಲ್ಲಿ ಕೇಂದ್ರವಿರಬೇಕು. ಮನೆಯ ಪಕ್ಕದ ಡೇ ಕೇರ್‌ಗಿಂತ ಪೇಟೆಯ ಒಳಗಿನ ಕೂಸಿನ ಮನೆ ಮೇಲು ಎನ್ನುವುದು ಅದಕ್ಕೇ. 1969ರಲ್ಲಿ ದೆಹಲಿಯ ಕಟ್ಟಡ ಕೆಲಸದ ಜಾಗದಲ್ಲೇ ಮೀರಾ ಮಹಾದೇವನ್ ಆರಂಭಿಸಿದ ಮೊಬೈಲ್ ಕ್ರೆಶಸ್ ಸಂಸ್ಥೆ ಇದೇ ದಾರಿ ಹಿಡಿಯಿತು. ತಾಯಿ ದುಡಿಯುವ ಜಾಗಕ್ಕೆ ಕೇಂದ್ರವನ್ನೇ ಒಯ್ಯುವುದು ಅದರ ಕ್ರಮ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ? ಅಂಗಡಿ ಮಾಲೀಕರ ಸಂಕಟವೂ ಸುಳ್ಳಲ್ಲ. ಆನ್‌ಲೈನ್ ಮಾರಾಟ ಅವರ ಗಿರಾಕಿಯನ್ನು ಕಸಿದಿದೆ. 2025ರ ಜುಲೈಯಲ್ಲಿ ಯುಪಿಐ ವಹಿವಾಟು ಆಧರಿಸಿ ಬಂದ ಜಿಎಸ್‌ಟಿ ನೋಟಿಸುಗಳು ಸಣ್ಣ ವ್ಯಾಪಾರಿಗಳನ್ನು ನಡುಗಿಸಿದವು. ಐದು ಜನರನ್ನು ಇಟ್ಟುಕೊಂಡ ಅಂಗಡಿಗೆ ಸ್ವಂತ ಶಿಶುಪಾಲನಾ ಕೇಂದ್ರ ತೆರೆ ಎನ್ನುವುದು ನಡೆಯದ ಮಾತು. ಹಾಗೆ ಕೇಳಬೇಕಾಗಿಯೂ ಇಲ್ಲ. ಚದುರಿದ ಕೆಲಸಗಾರರಿಗೆ ಕೂಡಿ ಹಣ ಹಾಕುವ ದಾರಿ ನಮ್ಮ ಕಾನೂನಿನಲ್ಲಿ ಆಗಲೇ ಇದೆ. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾನೂನಿನಡಿ ನಿರ್ಮಾಣ ವೆಚ್ಚದ ಮೇಲೆ ಶೇ 1ರ ಸೆಸ್ ಬಂದಿತು. ಡೆಲಿವರಿ ಮಾಡುವ ಗಿಗ್ ಕೆಲಸಗಾರರಿಗಾಗಿ ಕರ್ನಾಟಕವೇ 2025ರಲ್ಲಿ ಕಾನೂನು ತಂದು, ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಲು ಅವಕಾಶ ಮಾಡಿಕೊಂಡಿದೆ. ಅದೇ ರೀತಿ ಪೇಟೆಯನ್ನು ಒಂದು ಘಟಕವಾಗಿ ಎಣಿಸಿ, ಅಂಗಡಿಯ ಗಾತ್ರಕ್ಕೆ ತಕ್ಕ ಸಣ್ಣ ವಂತಿಗೆ, ಸರ್ಕಾರದ ದೊಡ್ಡ ಪಾಲು, ಪೋಷಕರ ಕೈಲಾದ ಶುಲ್ಕ ಮೂರನ್ನೂ ಕೂಡಿಸಿದರೆ ದಾರಿಯಿದೆ. ಪಳಗಿದ ಕೆಲಸದವರು ಮಗುವಾದ ಮೇಲೂ ಉಳಿದರೆ ಮಾಲೀಕರಿಗೂ ಲಾಭವೇ. ಪ್ರತಿ ವರ್ಷ ಹೊಸಬರಿಗೆ ಮಾಲಿನ ಹೆಸರು, ದರ, ಗಿರಾಕಿಯ ಮುಖ ಕಲಿಸುವುದು ಎಷ್ಟು ದುಬಾರಿ ಎಂಬುದು ಅವರಿಗೇ ಗೊತ್ತು.

ಜಾಗದ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. 2025ರ ಆಗಸ್ಟ್ 16ರ ಬೆಳಗಿನ ಜಾವ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐವರು ತೀರಿಕೊಂಡರು. ಅವರಲ್ಲಿ ಮಹಡಿಯ ಮೇಲೆ ವಾಸವಿದ್ದ ಒಂದು ಇಡೀ ಸಂಸಾರ, ಇಬ್ಬರು ಎಳೆಯ ಮಕ್ಕಳೂ ಇದ್ದರು. ಗೋಡೌನಿನ ಮೇಲಿನ ಕೋಣೆಯಲ್ಲಿ ಮಕ್ಕಳನ್ನು ಕೂಡಿಹಾಕಿ ಅದಕ್ಕೆ ಕೇಂದ್ರ ಎಂದು ಹೆಸರಿಡುವ ಹಾಗಿಲ್ಲ. ನೆಲಮಹಡಿ, ಎರಡು ಬಾಗಿಲು, ಗಾಳಿ ಬೆಳಕು, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ತರಬೇತಾದ ಆಯಾಗಳು ಇಷ್ಟಾದರೂ ಇರಲೇಬೇಕು. ಸರ್ಕಾರಿ ಶಾಲೆಯ ಬಳಕೆಯಾಗದ ಕೊಠಡಿ, ಪಾಲಿಕೆಯ ಕಟ್ಟಡ, ಚಿಕ್ಕಪೇಟೆ ಮೆಟ್ರೊ ನಿಲ್ದಾಣದ ಆವರಣ, ಇವುಗಳಲ್ಲಿ ಯಾವುದಾದರೂ ಆದೀತು.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಗಿ ಹಂಚಿಹೋಯಿತು. ಪೇಟೆಯ ಭಾಗ ಕೇಂದ್ರ ನಗರ ಪಾಲಿಕೆಗೆ ಸೇರಿದೆ. ಸಣ್ಣ ಪಾಲಿಕೆಯಾದರೆ ಜನರಿಗೆ ಹತ್ತಿರವಾಗಿ ಕೆಲಸ ಮಾಡಬಹುದು ಎಂಬುದೇ ಈ ವಿಭಜನೆಗೆ ಕೊಟ್ಟ ಕಾರಣ. ಹಾಗಿದ್ದರೆ ಮಾಮೂಲ್‌ಪೇಟೆ, ಚಿಕ್ಕಪೇಟೆ, ಸುಲ್ತಾನ್‌ಪೇಟೆಗಳಿಗೆ ಸೇರಿ ಒಂದು ಕೂಸಿನ ಮನೆಗೆ ಪಾಲಿಕೆ ತನ್ನ ಬಜೆಟ್‌ನಲ್ಲಿ ಹಣ ಇಡಲಿ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಅದರ ಬಾಗಿಲು ತೆರೆದಿರಲಿ. ವರ್ತಕರ ಸಂಘಗಳು ತಮ್ಮ ಬೀದಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿರುವ ಕೆಲಸಗಾರರು ಎಷ್ಟು ಜನರಿದ್ದಾರೆ ಎಂದು ಈ ತಿಂಗಳೇ ಎಣಿಸಿ, ಆ ಪಟ್ಟಿಯನ್ನು ಪಾಲಿಕೆಗೆ ಕೊಡಲಿ.